ಕಾರಿನ ಕೆಳಗಣ ಜೇನುಗೂಡು

ಹೋದ ವರ್ಷ ಕಾರ್ತೀಕ ಮಾಸದ ಒಂದು ಮುಂಜಾನೆ ಪತ್ತಿಕೊಂಡದಿಂದ ಆದವಾನಿಗೆ ಮನೆಮಂದಿಯೊಡನೆ ಹೊರಟಿದ್ದೆ. ಊರು ದಾಟಿದ ಮೇಲೆ ಸಣ್ಣದೊಂದು ಏರು ಬಂದಿತು. ಎಷ್ಟು ಕಾಲು ಒತ್ತಿದರೂ ಕಾರು ಮುಂದಕ್ಕೆ ಸಾಗಲೊಲ್ಲದು. ಮೂಗು ಬಾಯಿ ಕಟ್ಟಿಕೊಂಡವನು ಓಡಹೊರಟರೆ ಹೇಗೋ ಹಾಗೆ ಎಂಜಿನ್ನು ಏದುಸಿರು ಬಿಡುತ್ತಿತ್ತು. ಹಿಂದೆ ಕುಳಿತಿದ್ದ ನನ್ನ ಮನೆಯಾಕೆ, “ಕೊಳೆತ ತತ್ತಿ ಒಡೆದಂಗ ವಾಸನೆ ಬರ್ತದಲ್ರೀ” ಎಂದಳು. ಲಾರಿಯೊಂದು ಹಾರನ್ನು ಬಾರಿಸುತ್ತ ನಮ್ಮನ್ನು ದಾಟಿಹೋಯಿತು. ಅದರ ಬೆನ್ನಿಗೇ ಟೊಮ್ಯಾಟೊ ಹೇರಿದ ಆಟೋ ಕೂಡ ದಾಟಿದಾಗ ನನಗೆ ನಿಜಕ್ಕೂ ಅವಮಾನವೆನಿಸಿತು.

ಈ ಕಾರು ಬಳ್ಳಾರಿಯ ನೆಂಟರೊಬ್ಬರಿಂದ ಕೊಂಡದ್ದು. 2018ರಲ್ಲಿ ತಯಾರಾದ ಪೆಟ್ರೋಲು ಗಾಡಿ. ಇಂಥ ಗಾಡಿಗಳಲ್ಲಿ ಮೀಟರುಗಳ ನಡುವೆ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಇರುತ್ತದೆ. ನಮ್ಮ ಕಾರಿನಲ್ಲಿ ಅದು ಎರಡು ತಿಂಗಳ ಹಿಂದಿನಿಂದಲೇ ಆಗಾಗ ಮಿನುಗುತ್ತಿತ್ತು. ಕಾರು ನಡುನಡುವೆ ಬಿಕ್ಕುತ್ತಿತ್ತು. ಶಾಲೆಯ ಕೆಲಸದ ನೆಪದಲ್ಲಿ ನಾಳೆ ನೋಡೋಣ, ನಾಡಿದ್ದು ನೋಡೋಣ ಎನ್ನುತ್ತ ಬಂದೆ. ಆ ಉದಾಸೀನದ ಬೆಲೆ ಮೂವತ್ತು ಸಾವಿರ ರೂಪಾಯಿಗೂ ಮಿಕ್ಕಿತೆಂಬುದು ಆಮೇಲೆ ತಿಳಿಯಿತು.

ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ಕನೊಬ್ಬನು ಕಾರಿನ ಕೆಳಗೆ ಬಾಗಿ, ಸೈಲೆನ್ಸರಿನ ಮುಂದಿದ್ದ ಉಬ್ಬಿದ ಡಬ್ಬಿಯನ್ನು ತಟ್ಟಿ ನೋಡಿದನು. ಒಳಗೆ ಚೂರುಗಳು ಗಲಗಲನೆ ಸದ್ದುಮಾಡಿದವು. “ಸಾರ್, ಒಳಗಿನ ಜಾಲಿ ಕುಟ್ಟಿ ತೆಗೆದುಬಿಡ್ತೀನಿ. ಐನೂರು ಕೊಡ್ರಿ. ಗಾಡಿ ಗಾಳಿ ಹೋದಂಗೆ ಹೋಗ್ತದೆ” ಎಂದನು. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಜಾಲಿ ತೆಗೆದರೆ ಗಾಡಿ ಓಡುತ್ತದೆ. ನಮ್ಮ ಸೀಮೆಯಲ್ಲಿ ಹಾಗೆ ಒಳಗು ಖಾಲಿಮಾಡಿಸಿಕೊಂಡ ಗಾಡಿಗಳು ಕಡಿಮೆಯೇನಲ್ಲ. ಐನೂರು ರೂಪಾಯಿ ನನ್ನ ಜೇಬಿನಲ್ಲಿಯೇ ಇತ್ತು. ಒಂದು ಕ್ಷಣ ಮನಸ್ಸು ಓಲಾಡಿದ್ದುಂಟು.

ಆ ಡಬ್ಬಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಹೆಸರು. ಅದು ಏನು ಮಾಡುತ್ತದೆಂಬುದನ್ನು ಮೊದಲು ತಿಳಿಯಬೇಕು. ಎಂಜಿನ್ನಿನಲ್ಲಿ ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ತೂಕದಷ್ಟು ಗಾಳಿ ಬೇಕು. ಎಷ್ಟೇ ಸರಿಯಾಗಿ ಅಳೆದುಕೊಟ್ಟರೂ ಉರಿ ಪೂರ್ಣವಾಗುವುದಿಲ್ಲ. ಇಂಗಾಲದ ಮಾನಾಕ್ಸೈಡು, ಉರಿಯದೆ ಉಳಿದ ಪೆಟ್ರೋಲಿನ ಹಬೆ, ಸಾರಜನಕದ ಆಕ್ಸೈಡುಗಳು, ಈ ಮೂರೂ ಹೊಗೆಯೊಡನೆ ಹೊರಡುತ್ತವೆ. ಡಬ್ಬಿಯೊಳಗೆ ಪಿಂಗಾಣಿಯಂಥ ವಸ್ತುವಿನಿಂದ ಮಾಡಿದ, ಸಾವಿರಾರು ಸಣ್ಣ ಕಂಡಿಗಳುಳ್ಳ ಜೇನುಗೂಡೊಂದಿರುತ್ತದೆ. ಆ ಕಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಲೋಹಗಳನ್ನು ತೀರ ತೆಳುವಾಗಿ ಲೇಪಿಸಿರುತ್ತಾರೆ. ಬಿಸಿ ಹೊಗೆ ಇವುಗಳನ್ನು ಸೋಕಿಕೊಂಡು ಹೋಗುವಾಗ ಮಾನಾಕ್ಸೈಡು ಇಂಗಾಲಾಮ್ಲವಾಗುತ್ತದೆ, ಪೆಟ್ರೋಲಿನ ಹಬೆ ನೀರೂ ಇಂಗಾಲಾಮ್ಲವೂ ಆಗುತ್ತದೆ, ಸಾರಜನಕದ ಆಕ್ಸೈಡು ಬರಿಯ ಸಾರಜನಕವಾಗುತ್ತದೆ. ಎರಡು ಮನೆಗಳ ನಡುವೆ ಓಡಾಡಿ ಮದುವೆ ಕುದುರಿಸಿ, ತಾನು ಮಾತ್ರ ಬಂದಂತೆಯೇ ಹಿಂದಿರುಗುವ ಹಿರಿಯನ ಹಾಗೆ ಈ ಲೋಹಗಳು ಕೆಲಸ ಮುಗಿಸಿಯೂ ತಾವು ಸವೆಯುವುದಿಲ್ಲ. ಇದನ್ನೇ ನಾವು ತರಗತಿಯಲ್ಲಿ ಕ್ರಿಯಾವರ್ಧಕವೆಂದು ಹೇಳಿಕೊಡುವುದು.

ಈ ಉಪಾಯವನ್ನು 1950ರ ಸುಮಾರಿಗೆ ರೂಪಿಸಿದವನು ಅಮೆರಿಕದಲ್ಲಿ ನೆಲಸಿದ್ದ ಫ್ರೆಂಚ್ ಎಂಜಿನಿಯರ್ ಯೂಜೀನ್ ಹೌಡ್ರಿ. ಆದರೆ ಅಂದಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಸೀಸ ಲೇಪವನ್ನು ಮುಚ್ಚಿ ಕೊಲ್ಲುತ್ತಿತ್ತು. ಹೀಗಾಗಿ ಅಮೆರಿಕದ ಕಾರುಗಳಿಗೆ ಈ ಡಬ್ಬಿ ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಿಂದ. ನಮ್ಮ ದೇಶದಲ್ಲಿ 1995ರ ಏಪ್ರಿಲಿನಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳ ಹೊಸ ಪೆಟ್ರೋಲು ಕಾರುಗಳಿಗೆ ಕಡ್ಡಾಯವಾಯಿತು. ಸೀಸವಿಲ್ಲದ ಪೆಟ್ರೋಲು ದೇಶದ ತುಂಬ ದೊರೆತದ್ದು 2000ದ ಫೆಬ್ರವರಿಯಿಂದ.

ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅದನ್ನೇ ಅಪ್ಪಿಕೊಳ್ಳುತ್ತದೆ. ನಮ್ಮ ಪತ್ತಿಕೊಂಡದಲ್ಲಿ 1827ರ ಜುಲೈ 6ರಂದು ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಕಾಲರಾದಿಂದ ತೀರಿಕೊಂಡನು. ಕಾಲರಾ ನೀರಿನಲ್ಲಿ ಬರುತ್ತದೆಂದು ಆಗಿನ ದೊಡ್ಡ ವೈದ್ಯರಿಗೂ ಗೊತ್ತಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ನಂಬುವುದು ಅಷ್ಟು ಕಷ್ಟ. ಆದರೆ ಹೊಗೆಯ ವಿಷಯದಲ್ಲಿ ನಮಗೆ ಆ ನೆವವಿಲ್ಲ. ಶಾಲೆ ಬಿಟ್ಟ ಮಕ್ಕಳು ರಸ್ತೆಯ ಅಂಚಿನಲ್ಲಿಯೇ ನಡೆಯುತ್ತಾರೆ. ಅವರ ಮೂಗು ಕಾರಿನ ಹೊಗೆಕೊಳವೆಗೆ ನಮ್ಮ ಮೂಗಿಗಿಂತ ಹತ್ತಿರ. ಮೆಕ್ಯಾನಿಕ್ಕನಿಗೆ ಬೇಡವೆಂದೆ. ಕಾನೂನೂ ಅದನ್ನು ಒಪ್ಪದು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ರೂಪವನ್ನು ಬದಲಿಸುವುದಕ್ಕೆ ತಡೆಯೊಡ್ಡುತ್ತದೆ. ಹೊಗೆಯ ನಿಯಮ ಮೀರಿದರೆ, 2019ರ ತಿದ್ದುಪಡಿಯಂತೆ 190ನೆಯ ಕಲಮಿನಲ್ಲಿ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಉಂಟು.

ನನ್ನ ತಮ್ಮನ ಮಗ ಬಳ್ಳಾರಿಯಲ್ಲಿ ಡಿಪ್ಲೊಮಾ ಓದಿದವನು. ಭಾನುವಾರ ಸಲಕರಣೆಗಳ ಚೀಲದೊಡನೆ ಬಂದನು. ನಾನಾಗಲೇ ಹೊಸ ಡಬ್ಬಿಗೆ ಅಂಗಡಿಯಲ್ಲಿ ಮಾತಾಡಿಟ್ಟಿದ್ದೆ. ಅವನು ಕೇಳಿದ ಮೊದಲ ಪ್ರಶ್ನೆ, “ದೊಡ್ಡಪ್ಪಾ, ಹಳೇದು ಯಾಕ ಕೆಟ್ಟಿತು ಅಂತ ನೋಡೀರೇನು?” ನಾನು ನೋಡಿರಲಿಲ್ಲ.

ಈ ಲೇಖನ ಬರೆಯಲು ಕಾರಣವೂ ಆ ಪ್ರಶ್ನೆಯೇ. ಈ ಡಬ್ಬಿ ತಾನಾಗಿ ಕೆಡುವುದು ಅಪರೂಪ. ಸಾಮಾನ್ಯವಾಗಿ ಬೇರೊಂದು ಭಾಗ ಅದನ್ನು ಕೆಡಿಸಿರುತ್ತದೆ. ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಅಲ್ಲಿನ ಪೆಟ್ರೋಲು ಉರಿಯದೆ ಹೊರಬಂದು ಜೇನುಗೂಡಿನೊಳಗೆ ಹೊತ್ತಿಕೊಳ್ಳುತ್ತದೆ. ಸುಮಾರು 250ರಿಂದ 300 ಡಿಗ್ರಿ ಶಾಖದಲ್ಲಿ ಕೆಲಸ ಆರಂಭಿಸಿ 800ರೊಳಗೆ ಇರಬೇಕಾದ ಗೂಡು ಸಾವಿರ ಡಿಗ್ರಿ ಮೀರಿ ಕಾದು ಕರಗುತ್ತದೆ. ಎಂಜಿನ್ನು ಆಯಿಲು ಕುಡಿಯುತ್ತಿದ್ದರೆ ಆ ಮಸಿ ಲೇಪವನ್ನು ಮುಚ್ಚುತ್ತದೆ. ಸೀಮೆಎಣ್ಣೆ ಬೆರಸಿದ ಪೆಟ್ರೋಲಿನಿಂದಲೂ ಕೇಡುಂಟು. ಕಾದ ಡಬ್ಬಿಯೊಡನೆ ಹಳ್ಳದ ನೀರಿಗೆ ಇಳಿದರೆ ಪಿಂಗಾಣಿ ಬಿರಿಯುತ್ತದೆ. ಕಲ್ಲು ಬಡಿದರೂ ಒಡೆಯುತ್ತದೆ. ಕಾರಣ ಹಾಗೆಯೇ ಉಳಿದರೆ ಹೊಸ ಡಬ್ಬಿಗೂ ಅದೇ ಗತಿ.

ಹುಡುಗನು ಸಣ್ಣ ಯಂತ್ರವನ್ನು ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಜೋಡಿಸಿ ಎರಡು ಸಂಕೇತಗಳನ್ನು ತೋರಿಸಿದನು. ಪಿ 0420 ಎಂಬುದು ಕನ್ವರ್ಟರ್ ಸರಿಯಾಗಿ ದುಡಿಯುತ್ತಿಲ್ಲವೆಂದು ಹೇಳಿತು. ಪಿ 0302 ಎಂಬುದು ಎರಡನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆಯೆಂದು. ಎರಡು ತಿಂಗಳು ದೀಪ ಮಿನುಗಿ ಮಿನುಗಿ ಹೇಳುತ್ತಿದ್ದುದು ಈ ಎರಡನೆಯದನ್ನೇ. ದೀಪ ಸುಮ್ಮನೆ ಉರಿದರೆ ಬೇಗನೆ ತೋರಿಸಬೇಕು. ಮಿನುಗಿದರೆ ವೇಗ ತಗ್ಗಿಸಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಈ ವ್ಯತ್ಯಾಸ ಕಾರಿನೊಡನೆ ಬಂದ ಪುಸ್ತಕದಲ್ಲಿಯೇ ಅಚ್ಚಾಗಿತ್ತು. ಮಕ್ಕಳಿಗೆ ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿರೆಂದು ಹೇಳುವ ನಾನು ಆ ಪುಸ್ತಕ ತೆರೆದಿರಲಿಲ್ಲ.

ಪಿ 0420 ಬಂದ ಮಾತ್ರಕ್ಕೆ ಡಬ್ಬಿ ಕೊಳ್ಳಬಾರದು. ಹಿಂದಿನ ಆಕ್ಸಿಜನ್ ಸೆನ್ಸರ್ ಕೆಟ್ಟರೂ, ಹೊಗೆಕೊಳವೆ ಎಲ್ಲಿಯಾದರೂ ಸೋರುತ್ತಿದ್ದರೂ ಅದೇ ಸಂಕೇತ ಬರುವುದುಂಟು. ಹುಡುಗನು ಮುಂದಿನ ಸೆನ್ಸರನ್ನು ಬಿಚ್ಚಿ ಆ ರಂಧ್ರಕ್ಕೆ ಒತ್ತಡದ ಮೀಟರು ತಿರುಗಿಸಿದನು. ಎಂಜಿನ್ನು ನಿಮಿಷಕ್ಕೆ 2500 ಸುತ್ತು ತಿರುಗುವಾಗ ಒತ್ತಡ 3 ಪಿಎಸ್‌ಐ ಮೀರಬಾರದು. ನಮ್ಮದು 8 ದಾಟಿತು. ದಾರಿ ಕಟ್ಟಿತ್ತೆಂಬುದರಲ್ಲಿ ಸಂಶಯವುಳಿಯಲಿಲ್ಲ. ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಬದಲಿಸಿ ನೋಡಿದಾಗ ದೋಷವೂ ಅದರ ಹಿಂದೆಯೇ ಹೋಯಿತು. ಒಂದೂವರೆ ಸಾವಿರದೊಳಗಿನ ಕಾಯಿಲು! ಅದನ್ನೂ ಪ್ಲಗ್ಗುಗಳನ್ನೂ ಹೊಸದಾಗಿ ಹಾಕಿ, ಬಿಕ್ಕುವುದು ನಿಂತಿತೆಂದು ಖಚಿತವಾದ ಮೇಲೆಯೇ ಡಬ್ಬಿಗೆ ಕೈಹಚ್ಚಿದೆವು.

ಮನೆಯಲ್ಲಿ ಮಾಡಬಲ್ಲ ಕೆಲಸವೆ? ಡಬ್ಬಿ ಕಾರಿನ ತಳದಲ್ಲಿ ಬೋಲ್ಟುಗಳಿಂದ ಕೂತಿದ್ದರೆ, ತಿಳಿದವರೊಬ್ಬರು ಜೊತೆಗಿದ್ದರೆ, ಮಾಡಬಹುದು. ಹಲವು ಸಣ್ಣ ಕಾರುಗಳಲ್ಲಿ ಅದು ಎಂಜಿನ್ನಿಗೆ ಅಂಟಿದ ಮೇನಿಫೋಲ್ಡಿನೊಡನೆಯೇ ಬೆಸುಗೆಗೊಂಡಿರುತ್ತದೆ. ಅಂಥದನ್ನು ವರ್ಕ್‌ಷಾಪಿಗೆ ಬಿಡುವುದು ಲೇಸು. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದೆವು. ಗಾಡಿ ನಿಂತು ಹಲವು ಗಂಟೆ ಕಳೆದು ಪೂರ್ತಿ ಆರಿರಬೇಕು. ಆ ಡಬ್ಬಿಯ ಸುಟ್ಟಗಾಯ ಒಲೆಯ ಸುಟ್ಟಗಾಯದಂತಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಚಕ್ರಗಳಿಗೆ ತಡೆ ಕೊಟ್ಟು, ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆವು. ಇಲ್ಲೊಂದು ಮಾತು ಒತ್ತಿ ಹೇಳಬೇಕು. ನಮ್ಮ ಕಡೆ ಬೇತಂಚೆರ್ಲ ಬಂಡೆಯ ತುಂಡುಗಳು ಎಲ್ಲ ಮನೆಗಳಲ್ಲೂ ಬಿದ್ದಿರುತ್ತವೆ. ಅವನ್ನು ಒಂದರ ಮೇಲೊಂದು ಪೇರಿಸಿ ಕಾರು ನಿಲ್ಲಿಸುವ ರೂಢಿಯುಂಟು. ಬಂಡೆ ಒಡೆಯುವ ಮುಂಚೆ ಮುನ್ಸೂಚನೆ ಕೊಡುವುದಿಲ್ಲ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೂ ತಲೆ ಹಾಕಬಾರದು.

ಸೆನ್ಸರಿನ ತಂತಿ ಬಿಡಿಸಿ, 22ರ ಪಾನಾದಿಂದ ಅದನ್ನು ತಿರುಗಿಸಿ ತೆಗೆದೆವು. ನಾಲ್ಕು ಬೋಲ್ಟುಗಳಲ್ಲಿ ಮೂರು ಸಲೀಸಾಗಿ ಬಂದವು, ನಾಲ್ಕನೆಯದು ಮುರಿಯಿತು. ಅದನ್ನು ಕೊಯ್ದು ತೆಗೆಯಲು ಎರಡು ಗಂಟೆ ಹಿಡಿಯಿತು. ಮನೆಯಾಕೆ ಮೂರು ಸಲ ಚಹಾ ತಂದಳು. ಮೂರನೆಯ ಸಲ ಏನೂ ಕೇಳದೆ ಲೋಟ ಇಟ್ಟು ಹೋದಳು. ಕಡೆಗೆ ಡಬ್ಬಿ ಕೈಗೆ ಬಂದಿತು. ಬೆಳಕಿಗೆ ಹಿಡಿದು ನೋಡಿದರೆ ಆಚೆ ಬದಿ ಕಾಣಿಸಬೇಕಾದ ಜೇನುಗೂಡಿನ ಅರ್ಧ ಭಾಗ ಗಟ್ಟಿಯಾದ ಬೆಲ್ಲದ ಪಾಕದಂತೆ ಕರಗಿ ಮುದ್ದೆಯಾಗಿತ್ತು.

ಹೊಸದನ್ನು ಕೂರಿಸುವಾಗ ಮೈಮೇಲಿನ ಬಾಣದ ಗುರುತು ಹೊಗೆ ಹೋಗುವ ದಿಕ್ಕಿಗಿರಬೇಕು. ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಬಳಸಬಾರದು. ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ತಿರುಗಿಸಿ, ಕೊಳವೆ ನೇರವಾಗಿದೆಯೆಂದು ನೋಡಿ, ಆಮೇಲೆ ಸುತ್ತುಗಟ್ಟಿ ಬಿಗಿಯಬೇಕು. ಸೆನ್ಸರಿನ ತುದಿಗೆ ಎಣ್ಣೆ, ಗ್ರೀಸು ತಾಗಬಾರದು. ಎಂಜಿನ್ನು ಹಚ್ಚಿ, ಗಾಡಿ ತಣ್ಣಗಿರುವಾಗಲೇ ಕೀಲುಗಳಿಗೆ ಸಾಬೂನಿನ ನೀರು ಚಿಮುಕಿಸಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಇದನ್ನೆಲ್ಲ ಬಯಲಿನಲ್ಲಿಯೇ ಮಾಡಬೇಕು. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನು ಹಚ್ಚಿದವರು ಬದುಕಿ ಬರದಿರುವುದುಂಟು. ತೀರ ಅಗ್ಗದ ಡಬ್ಬಿಗಳಲ್ಲಿ ಲೋಹದ ಲೇಪ ನಾಮಮಾತ್ರ. ಕೆಲವೇ ದಿನಗಳಲ್ಲಿ ದೀಪ ಮತ್ತೆ ಹತ್ತುತ್ತದೆ.

ಡಬ್ಬಿ ಸರಿಯಿದ್ದರೂ ಅದರ ಶಾಖವನ್ನು ಮರೆಯುವಂತಿಲ್ಲ. ಸುಗ್ಗಿಯಲ್ಲಿ ನಮ್ಮ ರೈತರು ಹುರುಳಿಯನ್ನೂ ತೊಗರಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿಬರುವ ಗಾಡಿಗಳೇ ತುಳಿದು ಒಕ್ಕಣೆ ಮಾಡಲೆಂದು. ಹುರುಳಿಯ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು, ಕಾದ ಡಬ್ಬಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಉರಿದುಹೋದ ಸುದ್ದಿಯನ್ನು ಆಂಧ್ರ, ಕರ್ನಾಟಕ ಎರಡೂ ಕಡೆಯ ಪತ್ರಿಕೆಗಳಲ್ಲಿ ಓದಿದ್ದೇವೆ. ಇಂಥ ಕಡೆ ದಾಟಿದ ಕೂಡಲೇ ನಿಲ್ಲಿಸಿ ಕೆಳಗೆ ಬಾಗಿ ನೋಡುವುದು ಒಳ್ಳೆಯದು. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುವುದೂ ಬೇಡ.

ಹಳೆಯ ಡಬ್ಬಿಯನ್ನು ಗುಜರಿಯವನು ಕಬ್ಬಿಣದ ತೂಕಕ್ಕೆ ಕೇಳಿದನು. ಮುಂಗಾರು ಮಳೆ ಬಿದ್ದರೆ ಸಾಕು, ಜೊನ್ನಗಿರಿ, ತುಗ್ಗಲಿಯ ಹೊಲಗಳಲ್ಲಿ ವಜ್ರ ಹುಡುಕುತ್ತ ದೂರದೂರದವರು ಬಗ್ಗಿ ನಡೆಯುತ್ತಾರೆ. ಅಂಥ ಊರಿನವರು ನಾವು, ಪ್ಲಾಟಿನಮ್ಮನ್ನು ಕಬ್ಬಿಣದ ಬೆಲೆಗೆ ಕೊಡುವುದೆ? 2021ರಲ್ಲಿ ರೋಡಿಯಂ ಬಂಗಾರಕ್ಕಿಂತ ಹಲವು ಪಟ್ಟು ಬೆಲೆ ಬಾಳಿತ್ತು. ಒಂದು ಡಬ್ಬಿಯಲ್ಲಿರುವುದು ಕೆಲವೇ ಗ್ರಾಮು ಲೋಹವಾದರೂ ಅದನ್ನು ಬೇರ್ಪಡಿಸುವ ಉದ್ಯಮವೇ ಇದೆ. ಹುಡುಗನು ಅದನ್ನು ಬಳ್ಳಾರಿಗೆ ಒಯ್ದು ಹೊಸದನ್ನು ಕೊಂಡ ಅಂಗಡಿಗೇ ಒಪ್ಪಿಸಿದನು. ಒಳ್ಳೆಯ ಮೊತ್ತವೇ ಮರಳಿತು.

ಮರುವಾರ ಹೊಗೆ ತಪಾಸಣೆಗೆ ಹೋದೆ. ನಮ್ಮ ಗಾಡಿಯಂಥ ಬಿಎಸ್ ನಾಲ್ಕರ ಕಾರುಗಳಿಗೆ ಮಾನಾಕ್ಸೈಡು ನೂರಕ್ಕೆ 0.3 ಮೀರಬಾರದು. ಚೀಟಿಯಲ್ಲಿ 0.02 ಎಂದು ಬಂದಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಅದೇ ಆದವಾನಿಯ ದಾರಿ ಹಿಡಿದೆವು. ಏರಿನಲ್ಲಿ ಕಾರು ಮೂರನೆಯ ಗೇರಿನಲ್ಲಿಯೇ ಹತ್ತಿತು. ಮನೆಯಾಕೆ ಕಿಟಕಿ ಇಳಿಸಿ ಕುಳಿತಿದ್ದಳು.