ಕಾರಿನ ಫಲಕದ ಮೇಲಿನ ಅಂಕಿಗಳು

ಎರಡು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ತಂದೆತಾಯಿಯರನ್ನು ಕೂರಿಸಿಕೊಂಡು ಮಂಗಳೂರಿನಿಂದ ಹಾಸನಕ್ಕೆ ಕಾರಿನಲ್ಲಿ ಹೊರಟಿದ್ದೆ. ಉಪ್ಪಿನಂಗಡಿ ಸಮೀಪಿಸಿದಾಗ ತಂದೆಯವರು, "ಇಲ್ಲೇ ಪೆಟ್ರೋಲ್ ಹಾಕಿಸಿಬಿಡೋಣವಲ್ಲ, ಮುಂದೆ ಘಾಟಿ ಇದೆ" ಎಂದರು. ಉಳಿದಿರುವ ಪೆಟ್ರೋಲಿನಲ್ಲಿ ಇನ್ನು 95 ಕಿಲೋಮೀಟರ್ ಹೋಗಬಹುದೆಂದು ಫಲಕದ ಮೇಲೆ ಅಂಕಿ ಬೆಳಗುತ್ತಿತ್ತು. ಸಕಲೇಶಪುರ ಅಲ್ಲಿಂದ ಸುಮಾರು 75 ಕಿಲೋಮೀಟರ್. "ಬೇಡಪ್ಪ, ಇನ್ನೂ ಇಪ್ಪತ್ತು ಕಿಲೋಮೀಟರಿನಷ್ಟು ಮಿಗುತ್ತದೆ" ಎಂದು ಉತ್ತರಿಸಿ, ದಾರಿಯಲ್ಲಿದ್ದ ಬಂಕುಗಳನ್ನು ಕಂಡೂ ಕಾಣದವನಂತೆ ದಾಟಿ ಹೋದೆ. ಘಾಟಿಯ ಏರು ಆರಂಭವಾದೊಡನೆ ಆ ಅಂಕಿ ನಾವು ಕ್ರಮಿಸಿದ ದೂರಕ್ಕಿಂತ ಬಹು ವೇಗವಾಗಿ ಇಳಿಯತೊಡಗಿತು. ಲಾರಿಗಳ ಸಾಲಿನ ಹಿಂದೆ, ಕತ್ತಲೆಯಲ್ಲಿ, ಅದು 30ಕ್ಕೆ ಬಂದು, ಅನಂತರ ಅಂಕಿಯೇ ಮಾಯವಾಗಿ ಮೂರು ಅಡ್ಡಗೆರೆಗಳು ಮಾತ್ರ ಉಳಿದವು. ಸಕಲೇಶಪುರದ ಬಂಕನ್ನು ಹೇಗೋ ತಲುಪಿದೆವು. ತಂದೆಯವರು ಏನೂ ಅನ್ನಲಿಲ್ಲ. ಸುಮ್ಮನೆ ಹಣದ ಚೀಲವನ್ನು ತೆಗೆದರು. ಭೌತಶಾಸ್ತ್ರವನ್ನು ಬೋಧಿಸುವವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಯಂತ್ರವು ಸುಳ್ಳು ಹೇಳಿತೇ? ಇಲ್ಲ. ಅದು ಹೇಳಿದುದನ್ನು ನಾನು ತಪ್ಪಾಗಿ ಅರ್ಥಮಾಡಿಕೊಂಡಿದ್ದೆ. ಇಂದಿನ ಕಾರುಗಳಲ್ಲಿ ಟ್ರಿಪ್ ಕಂಪ್ಯೂಟರ್ ಎಂಬ ಲೆಕ್ಕಾಚಾರದ ಸಾಧನವೊಂದು ಇರುತ್ತದೆ. ಸರಾಸರಿ ವೇಗ, ಲೀಟರಿಗೆ ಕ್ರಮಿಸಿದ ದೂರ, ಮುಂದೆ ಕ್ರಮಿಸಬಹುದಾದ ದೂರ ಮುಂತಾದುವನ್ನು ಅದು ತೋರಿಸುತ್ತದೆ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 1978ರಲ್ಲಿಯೇ ಇಂಥ ಸಾಧನವಿತ್ತು. ಆಗ ಅದು ಶ್ರೀಮಂತರ ಆಟಿಕೆ. ಅದು ಹೇಳುವ ಸಂಗತಿಗಳಲ್ಲಿ ಹೆಚ್ಚಿನವನ್ನು ಅದು ನೇರವಾಗಿ ಅಳೆಯುವುದಿಲ್ಲವೆಂಬುದು ಬಹುಮಂದಿಗೆ ತಿಳಿಯದು. ಅದು ಮಾಡುವುದು ಎಣಿಕೆ, ಆಮೇಲೆ ಭಾಗಾಹಾರ. ಏನನ್ನು ಎಣಿಸುತ್ತಿದೆ ಎಂಬುದನ್ನು ತಿಳಿದರೆ, ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದೂ ತಿಳಿಯುತ್ತದೆ.

ಮೊದಲು ದೂರವನ್ನು ತೆಗೆದುಕೊಳ್ಳೋಣ. ಚಕ್ರದ ಗುಂಬದ ಬಳಿ ಹಲ್ಲುಗಳುಳ್ಳ ಒಂದು ಉಂಗುರವೂ, ಅದರ ಪಕ್ಕದಲ್ಲಿ ಅಲುಗಾಡದ ಒಂದು ಸಂವೇದಕವೂ ಇರುತ್ತವೆ. ಒಂದೊಂದು ಹಲ್ಲು ಹಾದುಹೋದಾಗಲೂ ಸಂವೇದಕದಲ್ಲಿ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಉಂಗುರದಲ್ಲಿ 48 ಹಲ್ಲುಗಳಿವೆಯೆಂದೂ, ಟೈರಿನ ಸುತ್ತಳತೆ 1.92 ಮೀಟರ್ ಎಂದೂ ಇಟ್ಟುಕೊಂಡರೆ, ಒಂದು ಮಿಡಿತಕ್ಕೆ ಕಾರು 4 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 25,000 ಮಿಡಿತಗಳಾದರೆ ಒಂದು ಕಿಲೋಮೀಟರ್. ಆದರೆ ಟೈರು ಸವೆಯುವ ವಸ್ತು. ಮೇಲಿನ ರಬ್ಬರು 6 ಮಿಲಿಮೀಟರ್ ಸವೆದರೆ ತ್ರಿಜ್ಯವು ಶೇಕಡ 2ರಷ್ಟು ಕಡಿಮೆಯಾಗುತ್ತದೆ. ಕಂಪ್ಯೂಟರಿಗೆ ಈ ಸಮಾಚಾರ ತಿಳಿಯದು. ಅದು ಮೊದಲಿನಂತೆಯೇ 25,000 ಎಣಿಸಿ "ಒಂದು ಕಿಲೋಮೀಟರ್" ಎನ್ನುತ್ತದೆ; ಕಾರು ಕ್ರಮಿಸಿರುವುದು 980 ಮೀಟರ್ ಮಾತ್ರ. ಹಳೆಯ ಟೈರಿನ ಕಾರು ಹೆಚ್ಚು ಮೈಲೇಜು ಕೊಡುವಂತೆ ತೋರುವುದಕ್ಕೆ ಇದೂ ಒಂದು ಕಾರಣ.

ಪೆಟ್ರೋಲಿನ ಲೆಕ್ಕವು ಇನ್ನೂ ಸೋಜಿಗದ್ದು. ಎಂಜಿನ್ನಿನೊಳಕ್ಕೆ ಪೆಟ್ರೋಲನ್ನು ಸಿಂಪಡಿಸುವ ಸೂಕ್ಷ್ಮವಾದ ಕವಾಟಗಳು ಪ್ರತಿಬಾರಿಯೂ ಕೆಲವೇ ಸಾವಿರಾಂಶ ಸೆಕೆಂಡುಗಳ ಕಾಲ ತೆರೆದು ಮುಚ್ಚುತ್ತವೆ. ಎಷ್ಟು ಹೊತ್ತು ತೆರೆದಿದ್ದುವೆಂಬುದನ್ನು ಕೂಡಿಸುತ್ತ ಹೋದರೆ ಎಷ್ಟು ಪೆಟ್ರೋಲು ಹೋಯಿತೆಂಬುದು ಗೊತ್ತಾಗುತ್ತದೆ. ನಾಲ್ಕು ಸಿಲಿಂಡರುಗಳ ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ 4,000 ಸಲ ಸಿಂಪಡಣೆಯಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಲೀಟರಿಗೆ 20 ಕಿಲೋಮೀಟರ್ ಕೊಡುವ ಕಾರು ಗಂಟೆಗೆ 4 ಲೀಟರ್ ಸುಡುತ್ತದೆ. ಭಾಗಿಸಿ ನೋಡಿದರೆ ಒಂದು ಸಲಕ್ಕೆ ಬೀಳುವುದು ಒಂದು ಘನ ಸೆಂಟಿಮೀಟರಿನ ಅರುವತ್ತನೆಯ ಒಂದು ಭಾಗ. ಎಂದರೆ ಸಾಧಾರಣ ನೀರಿನ ಹನಿಯೊಂದರ ಮೂರನೆಯ ಒಂದು ಪಾಲು! ಇಷ್ಟು ಸಣ್ಣ ಪಾಲುಗಳನ್ನು ಲಕ್ಷಗಟ್ಟಲೆ ಕೂಡಿಸಿದ ಮೊತ್ತದಲ್ಲಿ ಸ್ವಲ್ಪ ತಪ್ಪು ಸೇರಿಕೊಂಡರೆ ಆಶ್ಚರ್ಯವಿಲ್ಲ.

ದೂರವನ್ನು ಪೆಟ್ರೋಲಿನಿಂದ ಭಾಗಿಸಿದರೆ ಸರಾಸರಿ ಮೈಲೇಜು. ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಸ್ಥಳವುಂಟು. ಮೊದಲ 100 ಕಿಲೋಮೀಟರಿಗೆ ಲೀಟರಿಗೆ 20ರಂತೆಯೂ ಮುಂದಿನ 100 ಕಿಲೋಮೀಟರಿಗೆ ಲೀಟರಿಗೆ 10ರಂತೆಯೂ ಕಾರು ಓಡಿದರೆ, ಒಟ್ಟಿನ ಸರಾಸರಿ 15 ಅಲ್ಲ. 5 ಲೀಟರಿಗೆ 10 ಲೀಟರ್ ಕೂಡಿಸಿ 200ನ್ನು 15ರಿಂದ ಭಾಗಿಸಬೇಕು. ಬರುವ ಉತ್ತರ 13.3. ವೇಗದಲ್ಲಿಯೂ ಹೀಗೆಯೇ. 60 ಕಿಲೋಮೀಟರ್ ದೂರವನ್ನು ಹೋಗುವಾಗ ಗಂಟೆಗೆ 60ರಂತೆ, ಬರುವಾಗ ಗಂಟೆಗೆ 30ರಂತೆ ಕ್ರಮಿಸಿದರೆ ಸರಾಸರಿ 45 ಅಲ್ಲ, 40. ಮಂದವಾಗಿ ಕಳೆದ ಹೊತ್ತು ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅನೇಕ ಕಾರುಗಳಲ್ಲಿ ಎಂಜಿನ್ನು ಓಡುತ್ತಿರುವಷ್ಟು ಹೊತ್ತೂ ಕಾಲದ ಎಣಿಕೆ ನಡೆಯುವುದರಿಂದ, ಸಿಗ್ನಲ್ ದೀಪದ ಕೆಳಗೆ ನಿಂತ ನಿಮಿಷಗಳೂ ಈ ಲೆಕ್ಕಕ್ಕೆ ಬರುತ್ತವೆ. ಯೂರೋಪಿನಲ್ಲಿ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಹೇಳುವ ಕ್ರಮವಿದೆ. ಸಮದೂರಗಳಿಗೆ ಆ ಅಂಕಿಗಳನ್ನು ಕೂಡಿಸಿ ಅರ್ಧಮಾಡಿದರೆ ಸಾಕು. ನಮ್ಮ ಕಾರುಗಳಲ್ಲಿಯೂ ಹಲವು ಬಾರಿ ಈ ಕ್ರಮವನ್ನು ಆರಿಸಿಕೊಳ್ಳಬಹುದು. ನನಗೆ ಅದೇ ಹೆಚ್ಚು ಪ್ರಾಮಾಣಿಕವೆಂದು ತೋರುತ್ತದೆ.

ಈಗ ಘಾಟಿಯ ಸಂಗತಿಗೆ ಬರಬಹುದು. "ಇನ್ನು 95 ಕಿಲೋಮೀಟರ್" ಎಂಬುದು ಹೇಗೆ ಬಂತು? ಟ್ಯಾಂಕಿನಲ್ಲಿ ಸುಮಾರು 5 ಲೀಟರ್ ಉಳಿದಿತ್ತು. ಕರಾವಳಿಯ ಸಮತಟ್ಟಾದ ರಸ್ತೆಯಲ್ಲಿ ಕಾರು ಅದುವರೆಗೆ ಲೀಟರಿಗೆ 19 ಕಿಲೋಮೀಟರ್ ಓಡಿತ್ತು. ಎರಡನ್ನೂ ಗುಣಿಸಿದರೆ 95. ಎಂದರೆ, ಮುಂದಿನ ದಾರಿಯೂ ಹಿಂದಿನ ದಾರಿಯಂತೆಯೇ ಇರುವುದೆಂಬ ಊಹೆ ಆ ಅಂಕಿಯೊಳಗೆ ಅಡಗಿದೆ. ಆದರೆ ಮುಂದೆ ಇದ್ದುದು ಸುಮಾರು 800 ಮೀಟರ್ ಎತ್ತರದ ಏರು. ಜನರೂ ಸೇರಿ 1,300 ಕಿಲೋಗ್ರಾಂ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿಯನ್ನು, ದ್ರವ್ಯರಾಶಿ, ಗುರುತ್ವ ಮತ್ತು ಎತ್ತರಗಳನ್ನು ಗುಣಿಸಿ ಕಂಡುಹಿಡಿಯಬಹುದು: ಸುಮಾರು ಒಂದು ಕೋಟಿ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಮೂರು ಕೋಟಿಗಿಂತ ಸ್ವಲ್ಪ ಹೆಚ್ಚು ಜೂಲ್ ಶಕ್ತಿಯಿದ್ದರೂ, ಎಂಜಿನ್ನು ಅದರಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ ಚಲನೆಗೆ ಒದಗಿಸುತ್ತದೆ. ಉಳಿದುದು ಶಾಖವಾಗಿ ಹೋಗುತ್ತದೆ. ಆದುದರಿಂದ ಎತ್ತರವನ್ನು ಏರಿದ ತಪ್ಪಿಗೇ ಒಂದು ಲೀಟರಿಗಿಂತ ಹೆಚ್ಚು ಪೆಟ್ರೋಲನ್ನು ದಂಡವಾಗಿ ತೆರಬೇಕಾಯಿತು. ನಾನು ಉಳಿಯುವುದೆಂದುಕೊಂಡಿದ್ದ ಇಪ್ಪತ್ತು ಕಿಲೋಮೀಟರಿನ ಪೆಟ್ರೋಲು ಸರಿಯಾಗಿ ಅಷ್ಟೇ! ಟ್ಯಾಂಕು ಪೂರ್ತಿ ಬರಿದಾಗುವ ಮೊದಲೇ ಸೊನ್ನೆ ತೋರಿಸುವಂತೆ ಅನೇಕ ತಯಾರಕರು ಏರ್ಪಡಿಸಿರುತ್ತಾರೆ. ನಾವು ಬಚಾವಾದುದು ಆ ಗುಪ್ತ ನಿಧಿಯಿಂದ. ಇಳಿಜಾರಿನಲ್ಲಿ ಇದಕ್ಕೆ ವಿರುದ್ಧವಾದ ಭ್ರಮೆ ಹುಟ್ಟುತ್ತದೆ. ಕಾರು ಗೇರಿನಲ್ಲಿಯೇ ಇಳಿಯುವಾಗ ಪೆಟ್ರೋಲಿನ ಸಿಂಪಡಣೆ ನಿಂತುಹೋಗುವುದರಿಂದ, ಆ ಕ್ಷಣದ ಮೈಲೇಜು ಫಲಕದ ಕಟ್ಟಕಡೆಯ ಅಂಕಿಯನ್ನು ಮುಟ್ಟುತ್ತದೆ.

ಬಹಳಷ್ಟು ಕಾರುಗಳಲ್ಲಿ ಎ ಮತ್ತು ಬಿ ಎಂದು ಎರಡು ಟ್ರಿಪ್ ಎಣಿಕೆಗಳಿವೆ. ಒಂದನ್ನು ಟ್ಯಾಂಕು ತುಂಬಿಸಿದಾಗಲೆಲ್ಲ ಸೊನ್ನೆಗೆ ತರುವುದೂ ಇನ್ನೊಂದನ್ನು ತಿಂಗಳುಗಟ್ಟಲೆ ಬಿಡುವುದೂ ಒಳ್ಳೆಯ ಪದ್ಧತಿ. ದೀರ್ಘ ಸರಾಸರಿಗೆ ಜಡತ್ವವಿದೆ. 3,000 ಕಿಲೋಮೀಟರಿನಲ್ಲಿ 18 ಬಂದಿದ್ದರೆ, ಆಮೇಲೆ 50 ಕಿಲೋಮೀಟರ್ ದೂರ 10ರಂತೆ ಓಡಿದರೂ ಅದು 17.8ಕ್ಕೆ ಮಾತ್ರ ಇಳಿಯುತ್ತದೆ. ಎಂಜಿನ್ನಿನ ಕಾಯಿಲೆಯನ್ನು ಬೇಗ ತೋರಿಸುವುದು ಚಿಕ್ಕ ಎಣಿಕೆಯೇ.

ಗಡಿಯಾರದ ವಿಷಯ. ಫಲಕದ ಸಾಧನಗಳಲ್ಲೆಲ್ಲ ಇದೇ ಅತ್ಯಂತ ನಿಖರವಾದುದೆಂದರೆ ವಾಚಕರು ನಂಬಲಾರರು; ಏಕೆಂದರೆ ತಪ್ಪು ವೇಳೆ ತೋರಿಸುವ ಕಾರಿನ ಗಡಿಯಾರಗಳನ್ನು ಎಲ್ಲರೂ ಕಂಡಿದ್ದಾರೆ. ಇಂಥ ಗಡಿಯಾರಗಳ ಕ್ವಾರ್ಟ್ಸ್ ಹರಳು ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆ 2ರ 15ನೆಯ ಘಾತ. ಆದುದರಿಂದ ಹದಿನೈದು ಸಲ ಅರ್ಧಮಾಡಿದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಸಿಗುತ್ತದೆ. ಹರಳಿನ ಕಂಪನವು ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಅತಿ ಶೀಘ್ರ. ಸೆಕೆಯಾದರೂ ಚಳಿಯಾದರೂ ಅದು ನಿಧಾನವಾಗುತ್ತದೆಯೇ ಹೊರತು ಎಂದೂ ಚುರುಕಾಗುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಭಾಗ 60 ಡಿಗ್ರಿಗೆ ಏರಿದರೆ, ಹರಳು ಹತ್ತು ಲಕ್ಷಕ್ಕೆ ಸುಮಾರು 40 ಭಾಗ ಹಿಂದೆ ಬೀಳುತ್ತದೆ. ದಿನವಿಡೀ ಹಾಗೆಯೇ ಇದ್ದರೆ ಮೂರೂವರೆ ಸೆಕೆಂಡು. ಸವೆದ ಟೈರಿನ ತಪ್ಪು ಹತ್ತು ಲಕ್ಷಕ್ಕೆ 20,000 ಭಾಗ ಎಂಬುದನ್ನು ನೆನೆದರೆ, ಗಡಿಯಾರದ ಅಪರಾಧವೆಷ್ಟು ಅಲ್ಪವೆಂದು ತಿಳಿಯುತ್ತದೆ. ಅದರ ತಪ್ಪೆಲ್ಲ ನಾವು ವೇಳೆ ಹೊಂದಿಸುವುದರಲ್ಲಿದೆ. ಬ್ಯಾಟರಿಯನ್ನು ಬಿಚ್ಚಿ ಹಾಕಿದಾಗ ಎಷ್ಟೋ ಗಡಿಯಾರಗಳು ಮೊದಲಿನಿಂದ ಎಣಿಸತೊಡಗುತ್ತವೆ. ಆಗ ಬೆಳಗ್ಗೆಯೋ ಸಂಜೆಯೋ ಎಂಬುದನ್ನು ಗಮನಿಸದೆ 12 ಗಂಟೆಗಳ ಕ್ರಮದಲ್ಲಿ ಹೊಂದಿಸಿದರೆ ದಿನಾಂಕವು ನಡುಹಗಲಿನಲ್ಲಿ ಬದಲಾಗುತ್ತದೆ. ಉಪಗ್ರಹಗಳಿಂದ ವೇಳೆ ಪಡೆಯುವ ಕಾರುಗಳಲ್ಲಿ ಭಾರತದ ಐದೂವರೆ ಗಂಟೆಯ ಅಂತರವನ್ನು ಸರಿಯಾಗಿ ಆರಿಸಬೇಕು, ಅಷ್ಟೆ.

ಕೊನೆಯದು ಕ್ರೂಸ್ ಕಂಟ್ರೋಲ್. ಎಂದರೆ, ಕಾಲನ್ನು ಪೆಡಲಿನಿಂದ ತೆಗೆದರೂ ಒಂದೇ ವೇಗದಲ್ಲಿ ಕಾರನ್ನು ಓಡಿಸುವ ಏರ್ಪಾಟು. ಇದನ್ನು ಕಲ್ಪಿಸಿದವನು ಅಮೆರಿಕದ ಇಂಡಿಯಾನ ಪ್ರಾಂತದ ರಾಲ್ಫ್ ಟೀಟರ್ ಎಂಬ ಎಂಜಿನಿಯರು. ಐದನೆಯ ವಯಸ್ಸಿನಲ್ಲಿ ಅಪಘಾತದಿಂದ ಕಣ್ಣು ಕಳೆದುಕೊಂಡವನು ಆತ! ಒಮ್ಮೆ ಅವನು ತನ್ನ ವಕೀಲನ ಕಾರಿನಲ್ಲಿ ಹೋಗುತ್ತಿದ್ದಾಗ, ವಕೀಲನು ಮಾತನಾಡುವಾಗ ನಿಧಾನಿಸಿ, ಕೇಳುವಾಗ ವೇಗ ಹೆಚ್ಚಿಸುತ್ತಿದ್ದನಂತೆ; ಆ ಜಗ್ಗಾಟದಿಂದ ಬೇಸತ್ತು ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಕಥೆ ಭೌತಶಾಸ್ತ್ರಕ್ಕೆ ಒಪ್ಪುವಂಥದು. ನಮ್ಮ ಶರೀರಕ್ಕೆ ವೇಗವು ಅನುಭವಕ್ಕೆ ಬರುವುದಿಲ್ಲ, ವೇಗದ ಬದಲಾವಣೆ ಮಾತ್ರ ಬರುತ್ತದೆ. ಕಿಟಕಿಯಾಚೆಗಿನ ಮರಗಳನ್ನು ಕಾಣದವನಿಗೆ ಆ ಬದಲಾವಣೆಯೇ ಪ್ರಯಾಣದ ಸರ್ವಸ್ವ. ಟೀಟರನಿಗೆ 1950ರಲ್ಲಿ ಪೇಟೆಂಟ್ ದೊರೆಯಿತು. 1958ರಲ್ಲಿ ಕ್ರೈಸ್ಲರ್ ಕಂಪೆನಿಯ ಕಾರುಗಳಲ್ಲಿ ಸಾಧನವು ಕಾಣಿಸಿಕೊಂಡಿತು.

ಇದರ ತತ್ತ್ವಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು: ಪರಿಣಾಮವನ್ನು ನೋಡಿ ಕಾರಣವನ್ನು ತಿದ್ದುವುದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಆವಿಯ ಯಂತ್ರಕ್ಕೆ ಅಳವಡಿಸಿದ ಗವರ್ನರಿನಲ್ಲಿಯೂ ಇದೇ ತತ್ತ್ವವಿತ್ತು. ಗಂಟೆಗೆ 80 ಕಿಲೋಮೀಟರಿಗೆ ಹೊಂದಿಸಿದ ಕಾರಿಗೆ ಸಮತಟ್ಟಿನಲ್ಲಿ ಥ್ರಾಟಲ್ ನೂರರಲ್ಲಿ 20 ಭಾಗ ತೆರೆದಿದ್ದರೆ ಸಾಕು, ಏರಿನಲ್ಲಿ 40 ಭಾಗ ಬೇಕು ಎಂದುಕೊಳ್ಳೋಣ. ವೇಗವು 1 ಕಿಲೋಮೀಟರ್ ಕುಗ್ಗಿದಾಗಲೆಲ್ಲ ಥ್ರಾಟಲನ್ನು 5 ಭಾಗ ಹೆಚ್ಚು ತೆರೆ ಎಂದು ಯಂತ್ರಕ್ಕೆ ಆಜ್ಞೆ ಕೊಟ್ಟರೆ, ಏರಿನಲ್ಲಿ ಕಾರು 76ಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ, 80ಕ್ಕೆ ಮರಳುವುದಿಲ್ಲ. ಏಕೆಂದರೆ ಮರಳಿದರೆ ಕೊರತೆ ಸೊನ್ನೆಯಾಗುತ್ತದೆ, ಕೊರತೆಯಿಲ್ಲದಿದ್ದರೆ ಹೆಚ್ಚುವರಿ 20 ಭಾಗವೂ ಇಲ್ಲ. ಆಜ್ಞೆಯನ್ನು ಬಹಳ ತೀವ್ರಗೊಳಿಸಿದರೆ, ಎಂಜಿನ್ನು ಓಗೊಡುವುದರಲ್ಲಿ ಸ್ವಲ್ಪ ತಡವಾಗುವ ಕಾರಣ, ಕಾರು ಮುಂದಕ್ಕೂ ಹಿಂದಕ್ಕೂ ತೂಗಾಡತೊಡಗುತ್ತದೆ. ಗವರ್ನರುಗಳ ಇಂಥ ತೂಗಾಟವನ್ನು ಗಣಿತದಿಂದ ವಿಚಾರಮಾಡಿ 1868ರಲ್ಲಿ ಪ್ರಬಂಧ ಬರೆದವನು, ವಿದ್ಯುತ್ಕಾಂತ ತರಂಗಗಳ ಸಿದ್ಧಾಂತಕ್ಕಾಗಿ ನಾವೆಲ್ಲ ಬಲ್ಲ ಮ್ಯಾಕ್ಸ್‌ವೆಲ್ಲನೇ. ಇಂದಿನ ಸಾಧನವು ಆ ಕ್ಷಣದ ಕೊರತೆಯನ್ನು ಮಾತ್ರವಲ್ಲದೆ, ಕೊರತೆಯು ಎಷ್ಟು ಹೊತ್ತಿನಿಂದ ಉಳಿದಿದೆಯೋ ಅದನ್ನೂ ಕೂಡಿಸಿಕೊಳ್ಳುತ್ತದೆ. ಇದು ಗಣಿತದ ತರಗತಿಯಲ್ಲಿ ಕಲಿಯುವ ಅನುಕಲನವೇ. ಇದರಿಂದ ಕಾರು ಏರಿನಲ್ಲಿಯೂ ಮೆಲ್ಲನೆ 80ಕ್ಕೆ ಮರಳುತ್ತದೆ. ಆದರೆ ಏರಿನ ತುದಿ ತಲುಪಿದಾಗ ಕೂಡಿಟ್ಟ ಮೊತ್ತ ಇನ್ನೂ ಕರಗಿರುವುದಿಲ್ಲವಾಗಿ, ಕಾರು ಒಂದು ಕ್ಷಣ ಮೇರೆ ಮೀರಿ ಓಡಬಹುದು. ಕೂತವರಿಗೆ ಆ ನೂಕು ಗೊತ್ತಾಗುತ್ತದೆ.

ಸರಳವಾದ ಕ್ರೂಸ್ ಕಂಟ್ರೋಲಿಗೆ ಕಾಣುವುದು ಚಕ್ರದ ವೇಗವೊಂದೇ. ಮುಂದಿನ ಲಾರಿಯೂ ಕಾಣದು, ಹಸುವೂ ಕಾಣದು, ರಸ್ತೆಯ ಮೇಲಿನ ನೀರೂ ಕಾಣದು. ಟೈರಿಗೂ ರಸ್ತೆಗೂ ನಡುವೆ ನೀರಿನ ಪದರ ನುಗ್ಗಿ ಟೈರನ್ನು ಎತ್ತಿಹಿಡಿಯುವ ವೇಗವನ್ನು ಅಮೆರಿಕದ ನಾಸಾದ ಸಂಶೋಧಕರು 1960ರ ದಶಕದಲ್ಲಿ ವಿಮಾನದ ಟೈರುಗಳಿಂದ ಕಂಡುಹಿಡಿದರು. ಅದು ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸುತ್ತದೆ. 33 ಪೌಂಡ್ ಒತ್ತಡದ ಟೈರಿಗೆ ಅದು ಗಂಟೆಗೆ ಸುಮಾರು 95 ಕಿಲೋಮೀಟರ್; ಟೈರು ಸವೆದಿದ್ದರೆ ಅಪಾಯ ಇನ್ನೂ ಬೇಗ. ನೀರು ಕಾರನ್ನು ತಡೆದಾಗ ಚಾಲಕನು ಕಾಲನ್ನು ಸಡಿಲಿಸುತ್ತಾನೆ, ಯಂತ್ರವು ಥ್ರಾಟಲನ್ನು ಇನ್ನಷ್ಟು ತೆರೆಯಲು ಹೊರಡುತ್ತದೆ. ಜಾರುವ ರಸ್ತೆಯಲ್ಲಿ ಇದನ್ನು ಬಳಸಬಾರದೆಂದು ಕಾರಿನ ಕೈಪಿಡಿಗಳು ಹೇಳುವುದು ಇದಕ್ಕಾಗಿಯೇ. ಇನ್ನೊಂದು ಲೆಕ್ಕ: ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಆರಾಮವಾಗಿ ಹಿಂದಕ್ಕೆಳೆದುಕೊಂಡ ಕಾಲು ಬ್ರೇಕನ್ನು ಹುಡುಕಲು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಂಡರೆ, ಕಾರು 11 ಮೀಟರ್ ಹೆಚ್ಚು ಓಡಿರುತ್ತದೆ. ರೇಡಾರ್ ಉಳ್ಳ ಹೊಸ ಕಾರುಗಳು ಮುಂದಿನ ವಾಹನವನ್ನು ನೋಡಿ ತಾವೇ ನಿಧಾನಿಸುತ್ತವೆ. ನಮ್ಮ ಹೆದ್ದಾರಿಗಳಲ್ಲಿ ಎದುರು ದಿಕ್ಕಿನಿಂದಲೇ ಬರುವ ಸೈಕಲ್ಲುಗಳನ್ನು ಅವು ಹೇಗೆ ನಿಭಾಯಿಸುತ್ತವೆಂಬುದನ್ನು ನೋಡಲು ನನಗಂತೂ ಧೈರ್ಯವಿಲ್ಲ.

ಚಕ್ರದ ಲೆಕ್ಕವನ್ನು ಪರೀಕ್ಷಿಸಬಯಸುವ ವಿದ್ಯಾರ್ಥಿಗಳು ಮುಂದಿನ ಪ್ರಯಾಣದಲ್ಲಿ, ಚಾಲಕನ ಪಕ್ಕದಲ್ಲಿ ಕುಳಿತು, ಹೆದ್ದಾರಿಯ ಎರಡು ಕಿಲೋಮೀಟರ್ ಕಲ್ಲುಗಳ ನಡುವಣ ಕಾಲವನ್ನು ಸೆಕೆಂಡುಗಳಲ್ಲಿ ಅಳೆಯಲಿ. 3,600ನ್ನು ಆ ಕಾಲದಿಂದ ಭಾಗಿಸಿದರೆ ನಿಜವಾದ ವೇಗ ಬರುತ್ತದೆ. ಫಲಕದ ವೇಗಮಾಪಕವು ಇದಕ್ಕಿಂತ ಕೆಲವು ಕಿಲೋಮೀಟರ್ ಹೆಚ್ಚು ತೋರಿಸಿದರೆ ಗಾಬರಿಬೇಡ. ಅದು ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ತೋರಿಸಕೂಡದೆಂದು ವಿಶ್ವಸಂಸ್ಥೆಯ ವಾಹನ ನಿಯಮ ವಿಧಿಸುತ್ತದೆ. ಹೆಚ್ಚು ತೋರಿಸಲು, ನಿಜವಾದ ವೇಗದ ಹತ್ತನೆಯ ಒಂದು ಭಾಗಕ್ಕೆ 4 ಕಿಲೋಮೀಟರ್ ಕೂಡಿಸಿದಷ್ಟರವರೆಗೆ ಅವಕಾಶವಿದೆ. ಒಂದು ಕಲ್ಲಿನ ಬದಲು ಹತ್ತು ಕಲ್ಲುಗಳವರೆಗೆ ಎಣಿಸಿ, ದೂರಮಾಪಕದ ಅಂಕಿಯನ್ನೂ ಜೊತೆಗೆ ಬರೆದುಕೊಂಡರೆ, ನಿಮ್ಮ ಕಾರಿನ ಟೈರು ಎಷ್ಟು ಸವೆದಿದೆಯೆಂಬುದರ ಅಂದಾಜೂ ಸಿಗುತ್ತದೆ.