ನಿಮಗಿದು ಗೊತ್ತೇ? 'ಎಷ್ಟು ಸ್ಪೀಡ್?' ಎಂದು ಕೇಳಿದರೆ ಸಾಲದು

ಮೌಂಟನ್ ಬೈಕಿನ ಗೇರ್ ಸಾಮಾನು ಬದಲಿಸಲು ಅಂಗಡಿಗೆ ಹೋದರೆ ಮೊದಲು ಬರುವ ಪ್ರಶ್ನೆ, 'ಎಷ್ಟು ಸ್ಪೀಡಿನದು?' ಒಂಬತ್ತು, ಹತ್ತು, ಹನ್ನೆರಡು ಎಂದು ಹೇಳಿ ಸಾಮಾನು ತಂದವರಲ್ಲಿ ಎಷ್ಟೋ ಜನ ಮರುದಿನ ಅದೇ ಡಬ್ಬಿ ಹಿಡಿದು ವಾಪಸು ಹೋಗಿದ್ದಾರೆ. ಆ ಒಂದು ಅಂಕೆಯ ಹಿಂದೆ ಇನ್ನೂ ನಾಲ್ಕಾರು ಅಂಕೆಗಳಿವೆ.

● ಮೌಂಟನ್ ಬೈಕ್ ಹುಟ್ಟಿದ್ದೇ ಬೇರೆ ಬೇರೆ ಗಾಡಿಗಳ ಸಾಮಾನು ಕೂಡಿಸಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್ಲುಗಳಿಗೆ ಗೇರ್ ಹಾಕಿ, ಮೋಟಾರ್‌ಸೈಕಲ್ಲಿನ ಬ್ರೇಕ್ ಲಿವರ್ ಕೂರಿಸಿ ಬೆಟ್ಟ ಇಳಿಯುತ್ತಿದ್ದರು. 1976ರಲ್ಲಿ ಶುರುವಾದ ಅವರ ಪಂದ್ಯದ ಹೆಸರು 'ರಿಪ್ಯಾಕ್'. ಹಳೇ ಬ್ರೇಕ್ ಉಳಿದಿದ್ದ ಸೈಕಲ್ಲುಗಳಲ್ಲಿ ಒಂದು ಸಲ ಕೆಳಗಿಳಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕ್ ಕಾದು ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು. ಹೊಸ ಗ್ರೀಸ್ ತುಂಬದೆ ಮತ್ತೆ ಇಳಿಯುವಂತಿರಲಿಲ್ಲ. ಹೆಸರು ಬಂದದ್ದು ಅದರಿಂದ.

● ಆಗ ಯಾವ ಕಂಪನಿಯ ಶಿಫ್ಟರ್, ಅಂದರೆ ಗೇರ್ ಬದಲಿಸುವ ಸನ್ನೆ, ಚೈನು ಸರಿಸುವ ಯಾವ ಡಿರೇಲರಿಗಾದರೂ ನಡೆಯುತ್ತಿತ್ತು. ಶಿಫ್ಟರಿನಲ್ಲಿ 'ಟಕ್' ಎನ್ನುವ ಮೆಟ್ಟಿಲುಗಳೇ ಇರಲಿಲ್ಲ. ಚೈನು ಸರಿಯಾಗಿ ಕೂತಿತೋ ಇಲ್ಲವೋ ಎಂಬುದನ್ನು ಸವಾರನ ಕಿವಿ, ಹೆಬ್ಬೆರಳುಗಳೇ ತೀರ್ಮಾನಿಸಬೇಕಿತ್ತು. 1984ರಲ್ಲಿ ಶಿಮಾನೊ ತನ್ನ ಡ್ಯುರಾ-ಏಸ್ ರೋಡ್ ಸೆಟ್ಟಿನಲ್ಲಿ ಎಸ್‌ಐಎಸ್ ಎಂಬ ವ್ಯವಸ್ಥೆ ತಂದಿತು. ಒಂದು ಕ್ಲಿಕ್ಕಿಗೆ ಒಂದು ಗೇರ್. ಕಂಪನಿಯ ಸಾಮಾನು ಕಂಪನಿಗೇ ಹೊಂದಬೇಕು ಎಂಬ ಕಟ್ಟುಪಾಡು ಬಿಗಿಯಾದದ್ದು ಇಲ್ಲಿಂದ.

● ಕ್ಲಿಕ್ಕಿನ ಗಣಿತ ಹೀಗಿದೆ. ಶಿಫ್ಟರ್ ಒಂದು ಕ್ಲಿಕ್ಕಿಗೆ ಇಷ್ಟು ಮಿಲಿಮೀಟರ್ ಕೇಬಲ್ ಎಳೆಯುತ್ತದೆ. ಡಿರೇಲರ್ ಆ ಎಳೆತವನ್ನು ಒಂದು ನಿಗದಿತ ಪಟ್ಟು ಹಿಗ್ಗಿಸಿ ಚೈನನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ದೂರವೂ ಕ್ಯಾಸೆಟ್ಟಿನ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನ, ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರವೂ ಒಂದೇ ಆಗಬೇಕು. ಶಿಮಾನೊ 9 ಸ್ಪೀಡಿನಲ್ಲಿ ಕೇಬಲ್ ಎಳೆತ ಸುಮಾರು 2.5 ಮಿ.ಮೀ., ಡಿರೇಲರಿನ ಪಟ್ಟು 1.7. ಗುಣಿಸಿದರೆ 4.25. ಸ್ಪ್ರಾಕೆಟ್‌ಗಳ ಅಂತರ ಸುಮಾರು 4.35. ಈ ಕೂದಲೆಳೆಯ ವ್ಯತ್ಯಾಸವನ್ನು ಡಿರೇಲರಿನ ಮೇಲಿನ ಪುಟ್ಟ ಗಾಲಿ ಅತ್ತಿತ್ತ ಅಲ್ಲಾಡಿ ಸರಿದೂಗಿಸುತ್ತದೆ.

● 10 ಸ್ಪೀಡಿಗೆ ಬಂದಾಗ ಶಿಮಾನೊ ಮೌಂಟನ್ ಬೈಕಿನಲ್ಲಿ ಮಾತ್ರ ಈ ಲೆಕ್ಕವನ್ನೇ ಬದಲಿಸಿತು. ಡೈನಾ-ಸಿಸ್ ಎಂದು ಹೆಸರಿಟ್ಟ ಆ ಸೆಟ್ಟಿನಲ್ಲಿ ಶಿಫ್ಟರ್ ಹೆಚ್ಚು ಕೇಬಲ್ ಎಳೆಯುತ್ತದೆ, ಸುಮಾರು 3.4 ಮಿ.ಮೀ.; ಡಿರೇಲರಿನ ಪಟ್ಟು 1.2ಕ್ಕೆ ಇಳಿಯಿತು. ಕಾರಣ ಒಳ್ಳೆಯದೇ. ಕೇಬಲ್ಲಿಗೆ ಕೆಸರು ಹಿಡಿದು ಸ್ವಲ್ಪ ಬಿಗಿಯಾದರೂ ಗೇರ್ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ.

ಇದು ಗೊತ್ತಿಲ್ಲದೆ ನಾನು 9 ಸ್ಪೀಡಿನ ಶಿಫ್ಟರಿಗೆ 10 ಸ್ಪೀಡಿನ ಮೌಂಟನ್ ಡಿರೇಲರ್ ಕೊಂಡು ತಂದೆ. ಅಂಗಡಿಯವರು 'ಎಲ್ಲಾ ಒಂದೇ ಕಂಪನಿ, ನಡೀತದೆ ಸಾರ್' ಅಂದಿದ್ದರು. ಸ್ಟ್ಯಾಂಡಿಗೆ ಏರಿಸಿ ಪೆಡಲ್ ತಿರುಗಿಸುತ್ತಾ ಕ್ಲಿಕ್ ಮಾಡಿದೆ. ಚೈನು ಮೇಲಿನ ಸ್ಪ್ರಾಕೆಟ್ಟಿನ ಹಲ್ಲನ್ನು ಸವರಿ ಕರಕರ ಅಂದಿತು, ಹತ್ತಲಿಲ್ಲ. ಇನ್ನೊಂದು ಕ್ಲಿಕ್ಕಿಗೆ ಹತ್ತಿತು, ಅದರ ಮುಂದಿನದಕ್ಕೆ ಮತ್ತೆ ಕರಕರ. ಒಂದು ಸಂಜೆ ಪೂರ್ತಿ ಸ್ಕ್ರೂ ತಿರುಗಿಸಿದೆ. ಆಮೇಲೆ ಗುಣಾಕಾರ ಮಾಡಿದಾಗ ತಿಳಿಯಿತು: 2.5 ಗುಣಿಸು 1.2 ಅಂದರೆ 3 ಮಿ.ಮೀ. ಮಾತ್ರ. ಬೇಕಾದದ್ದು 4.35. ಯಾವ ಸ್ಕ್ರೂ ತಿರುಗಿಸಿದರೂ ಆ ಕೊರತೆ ತುಂಬುವುದಿಲ್ಲ.

● ವಿಚಿತ್ರವೆಂದರೆ, ಶಿಮಾನೊದ ಹಳೇ 10 ಸ್ಪೀಡ್ ರೋಡ್ ಶಿಫ್ಟರುಗಳಲ್ಲಿ ಹೆಚ್ಚಿನವು 1.7ರ ಲೆಕ್ಕದಲ್ಲೇ ಉಳಿದವು. ಆದ್ದರಿಂದ 9 ಸ್ಪೀಡ್ ಮೌಂಟನ್ ಡಿರೇಲರ್ ಅವುಗಳ ಜೊತೆ ಸಲೀಸಾಗಿ ದುಡಿಯುತ್ತದೆ.

● ಅಮೆರಿಕದ ಶಿಕಾಗೊದಲ್ಲಿ 1987ರಲ್ಲಿ ಶುರುವಾದ ಸ್ರ್ಯಾಮ್ ಕಂಪನಿಯ ಮೊದಲ ಸರಕು ಹ್ಯಾಂಡಲ್ ಹಿಡಿಯನ್ನೇ ತಿರುಗಿಸಿ ಗೇರ್ ಬದಲಿಸುವ ಗ್ರಿಪ್ ಶಿಫ್ಟ್. ಮುಂದೆ ಅದು ತನ್ನದೇ ಡಿರೇಲರ್ ತಂದು, ಕೇಬಲ್ ಎಷ್ಟೋ ಚೈನೂ ಹೆಚ್ಚುಕಮ್ಮಿ ಅಷ್ಟೇ ಸರಿಯುವ ಒಂದಕ್ಕೊಂದರ ಲೆಕ್ಕ ಹಿಡಿಯಿತು. ಹಾಗಾಗಿ ಆ ಸಾಲಿನ ಸ್ರ್ಯಾಮ್ ಶಿಫ್ಟರಿಗೆ ಅದೇ ಕಾಲದ ಶಿಮಾನೊ ಡಿರೇಲರ್ ಹೊಂದದು. ಕ್ಯಾಸೆಟ್, ಚೈನು ಮಾತ್ರ ಅದಲು ಬದಲಾದರೂ 8, 9, 10 ಸ್ಪೀಡಿನಲ್ಲಿ ತೊಂದರೆಯಿಲ್ಲ.

● ಚೈನಿನ ಎರಡು ಪಿನ್ನುಗಳ ನಡುವಿನ ದೂರ ಅಂದಿನ ಅಟ್ಲಾಸ್ ಸೈಕಲ್ಲಿಗೂ ಇಂದಿನ 12 ಸ್ಪೀಡಿಗೂ ಒಂದೇ: ಅರ್ಧ ಇಂಚು, 12.7 ಮಿ.ಮೀ. ಬದಲಾದದ್ದು ಅಗಲ. 8 ಸ್ಪೀಡ್ ಚೈನಿನ ಹೊರ ಅಗಲ ಸುಮಾರು 7 ಮಿ.ಮೀ.; 12 ಸ್ಪೀಡಿನದು 5ಕ್ಕಿಂತ ತುಸು ಹೆಚ್ಚು.

● ನಮ್ಮೂರುಗಳಲ್ಲಿ '21 ಗೇರ್' ಎಂದು ಮಾರುವ ಸೈಕಲ್ಲು ಮುಂದೆ 3, ಹಿಂದೆ 7. ಹಿಂದಿನ ಏಳು ಬಹಳಷ್ಟು ಸಲ ಕ್ಯಾಸೆಟ್ ಅಲ್ಲ, ಹಬ್ಬಿಗೆ ತಿರುಗಿಸಿ ಕೂರಿಸಿದ ಫ್ರೀವೀಲ್. ಕ್ಯಾಸೆಟ್ಟಿನಲ್ಲಿ ಪೆಡಲ್ ನಿಂತರೂ ಚಕ್ರ ಉರುಳಲು ಬಿಡುವ ಭಾಗ ಹಬ್ಬಿನಲ್ಲೇ ಇರುತ್ತದೆ, ಸ್ಪ್ರಾಕೆಟ್‌ಗಳನ್ನು ಅದರ ಗೀರುಗಳೊಳಗೆ ಜಾರಿಸಿ ರಿಂಗಿನಿಂದ ಬಿಗಿಯುತ್ತಾರೆ. ಫ್ರೀವೀಲಿನ ಹಬ್ಬಿಗೆ ಕ್ಯಾಸೆಟ್ ಕೂರದು. 12 ಸ್ಪೀಡಿಗೆ ಹೋಗಬೇಕಾದರೆ ಹಿಂದಿನ ಚಕ್ರ, ಶಿಫ್ಟರ್, ಡಿರೇಲರ್, ಚೈನು, ಮುಂದಿನ ಹಲ್ಲುಚಕ್ರ ಎಲ್ಲವೂ ಹೊಸತಾಗಬೇಕು. ಆ ದುಡ್ಡನ್ನು ಮುಂದಿನ ಸೈಕಲ್ಲಿಗೆ ಕೂಡಿಡುವುದೇ ಜಾಣತನ ಎಂದು ನನ್ನ ಅಭಿಪ್ರಾಯ.

● ಕ್ಯಾಸೆಟ್ ಕೂರುವ ಹಬ್ಬಿನ ಆ ಉರುಳೆಯಲ್ಲೂ ಜಾತಿಗಳಿವೆ. ಶಿಮಾನೊದ ಹಳೇ ಎಚ್‌ಜಿ ಉರುಳೆಯ ಮೇಲೆ ಮೌಂಟನ್ ಕ್ಯಾಸೆಟ್ಟಿನ ಅತಿ ಚಿಕ್ಕ ಸ್ಪ್ರಾಕೆಟ್ಟಿಗೆ 11 ಹಲ್ಲು. 10 ಹಲ್ಲಿನದು ಬೇಕೆಂದಾಗ ಸ್ರ್ಯಾಮ್ 2012ರಲ್ಲಿ ಎಕ್ಸ್‌ಡಿ ತಂದಿತು, ಶಿಮಾನೊ 2018ರಲ್ಲಿ ಮೈಕ್ರೋ ಸ್ಪ್ಲೈನ್ ತಂದಿತು. ಒಂದರದು ಇನ್ನೊಂದಕ್ಕೆ ಕೂರದು. ಎಚ್‌ಜಿ ಉರುಳೆಯ ಹಳೇ ಚಕ್ರ ಉಳಿಸಿಕೊಂಡು 12 ಸ್ಪೀಡ್ ಬೇಕೆನ್ನುವವರಿಗೆ ಒಂದು ದಾರಿಯಿದೆ: ಸ್ರ್ಯಾಮ್‌ನ ಎನ್‌ಎಕ್ಸ್ ಈಗಲ್ ಕ್ಯಾಸೆಟ್ಟಿಗೆ 11ರಿಂದ 50 ಹಲ್ಲು, ಅದು ಎಚ್‌ಜಿ ಮೇಲೆಯೇ ಕೂರುತ್ತದೆ.

● 7 ಸ್ಪೀಡ್ ಕ್ಯಾಸೆಟ್ಟನ್ನು 8-9-10 ಸ್ಪೀಡಿನ ಎಚ್‌ಜಿ ಹಬ್ಬಿಗೆ ಹಾಕಬಹುದು, ಹಿಂದೆ 4.5 ಮಿ.ಮೀ. ಬಳೆಯೊಂದನ್ನು ಕೊಟ್ಟರಾಯಿತು. ಶಿಮಾನೊದ 11 ಸ್ಪೀಡ್ ಮೌಂಟನ್ ಕ್ಯಾಸೆಟ್ಟೂ ಅದೇ ಹಬ್ಬಿಗೆ ಕೂರುತ್ತದೆ. 11 ಸ್ಪೀಡ್ ರೋಡ್ ಕ್ಯಾಸೆಟ್ಟಿಗೆ ಮಾತ್ರ ಉರುಳೆ 1.85 ಮಿ.ಮೀ. ಉದ್ದವಿರಬೇಕು.

● ದೊಡ್ಡ ಕ್ಯಾಸೆಟ್ ಹಾಕುವ ಮುನ್ನ ಡಿರೇಲರಿಗೆ ಅಷ್ಟು ಚೈನು ನುಂಗುವ ತಾಕತ್ತಿದೆಯೇ ನೋಡಿ. ಲೆಕ್ಕ ಸುಲಭ. ಮುಂದೆ 42-32-22, ಹಿಂದೆ 11-34 ಇದ್ದರೆ 42ರಲ್ಲಿ 22 ಕಳೆದರೆ 20, 34ರಲ್ಲಿ 11 ಕಳೆದರೆ 23, ಒಟ್ಟು 43. ಡಿರೇಲರಿನ ವಿವರದಲ್ಲಿ 'ಕೆಪ್ಯಾಸಿಟಿ' ಎಂದು ಕೊಟ್ಟ ಅಂಕೆ ಇದಕ್ಕಿಂತ ಕಡಿಮೆಯಿರಬಾರದು. ಅದು ಹಿಡಿಯುವ ಅತಿ ದೊಡ್ಡ ಸ್ಪ್ರಾಕೆಟ್ ಎಷ್ಟು ಹಲ್ಲಿನದು ಎಂಬುದನ್ನೂ ಬೇರೆಯಾಗಿ ನೋಡಬೇಕು.

● ನಾಲ್ಕು ಬೋಲ್ಟಿನ ಮುಂದಿನ ಹಲ್ಲುಚಕ್ರ ಕೊಳ್ಳುವಾಗ '104 ಬಿಸಿಡಿ' ಎಂಬ ಮಾತು ಬರುತ್ತದೆ. ಬೋಲ್ಟುಗಳು ಕೂತ ವೃತ್ತದ ವ್ಯಾಸವದು. ಸ್ಕೇಲಿನಲ್ಲಿ ಅಕ್ಕಪಕ್ಕದ ಎರಡು ಬೋಲ್ಟುಗಳ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. 73.5 ಮಿ.ಮೀ. ಬಂದರೆ ನಿಮ್ಮದು 104.

● ಎಡ ಪೆಡಲ್ಲಿನ ಥ್ರೆಡ್ ಉಲ್ಟಾ ಎಂಬುದು ಬಹಳ ಜನರಿಗೆ ಗೊತ್ತು. ಪೆಡಲ್ಲುಗಳ ಅಚ್ಚು ಫ್ರೇಮಿನೊಳಗೆ ಕೂರುವ ಬಾಟಮ್ ಬ್ರ್ಯಾಕೆಟ್ಟಿನಲ್ಲಿ ಅದೂ ತಿರುಗುಮುರುಗು! ಬಿಎಸ್‌ಎ ಥ್ರೆಡ್ಡಿನ ಫ್ರೇಮಿನಲ್ಲಿ ಉಲ್ಟಾ ಇರುವುದು ಬಲಗಡೆಯ, ಅಂದರೆ ಚೈನಿನ ಕಡೆಯ ಕಪ್. ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಬೇಕು. ಗೊತ್ತಿಲ್ಲದೆ ಬಲ ಹಾಕಿದವರು ಫ್ರೇಮನ್ನೇ ಹಾಳು ಮಾಡಿಕೊಂಡಿದ್ದಾರೆ.

● ಹಿಂದಿನ ಹಬ್ಬಿನ ಅಗಲ 142ರಿಂದ 148 ಮಿ.ಮೀ.ಗೆ ಬೆಳೆದು 'ಬೂಸ್ಟ್' ಆದಾಗ ಕ್ಯಾಸೆಟ್ 3 ಮಿ.ಮೀ. ಹೊರಗೆ ಸರಿಯಿತು. ಮುಂದಿನ ಹಲ್ಲುಚಕ್ರವೂ ಅಷ್ಟೇ ಸರಿಯಬೇಕು, ಇಲ್ಲವಾದರೆ ಚೈನು ಓರೆಯಾಗಿ ಓಡುತ್ತದೆ.

● 2023ರಲ್ಲಿ ಎರಡು ಹೊಸ ದಾರಿ ತೆರೆದವು. ಸ್ರ್ಯಾಮ್ ತನ್ನ ಟ್ರಾನ್ಸ್‌ಮಿಷನ್ ಡಿರೇಲರನ್ನು ಹ್ಯಾಂಗರ್ (ಡಿರೇಲರ್ ತೂಗುಹಾಕುವ ಬಿಡಿ ತುಂಡು) ಇಲ್ಲದೆ ನೇರ ಫ್ರೇಮಿಗೇ ಬಿಗಿಯಿತು. ಯುಡಿಎಚ್ (ಯೂನಿವರ್ಸಲ್ ಡಿರೇಲರ್ ಹ್ಯಾಂಗರ್) ಮಾದರಿಯ ಫ್ರೇಮ್ ಇಲ್ಲದವರಿಗೆ ಅದು ದಕ್ಕದು, ಚೈನು-ಕ್ಯಾಸೆಟ್ ಕೂಡ ಅದರದೇ ಬೇಕು. ಶಿಮಾನೊ ತದ್ವಿರುದ್ಧ ಹೆಜ್ಜೆಯಿಟ್ಟಿತು. ಕ್ಯೂಸ್ ಎಂಬ ಸಾಲಿನಲ್ಲಿ 9, 10, 11 ಮೂರಕ್ಕೂ ಒಂದೇ 11 ಸ್ಪೀಡ್ ಚೈನು, ಒಂದೇ ಕೇಬಲ್ ಲೆಕ್ಕ. ಸಾಮಾನ್ಯ ಸವಾರನ ಪರವಾಗಿ ಬಹಳ ವರ್ಷಗಳ ನಂತರ ಬಂದ ತೀರ್ಮಾನವಿದು. ಆದರೆ ಹಳೇ 10 ಸ್ಪೀಡ್ ಶಿಫ್ಟರಿಗೆ ಕ್ಯೂಸ್‌ನ 10 ಸ್ಪೀಡ್ ಕ್ಯಾಸೆಟ್ ಹೊಂದದು. ಅಂಕೆ ಅದೇ, ಅಂತರ ಬೇರೆ.

● ಹೊಸ ಚೈನು ಹಾಕಿದ ಮೇಲೂ ಏರಿನಲ್ಲಿ ಕಟಕಟನೆ ಜಾರುತ್ತದೆಯೇ? ಹೊಂದಾಣಿಕೆಯ ದೋಷವೇ ಇರಬೇಕಿಲ್ಲ, ಸವೆತವಿರಬಹುದು. ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಇಂಚು. ಹಳೇ ಚೈನಿನ ಒಂದು ಪಿನ್ನಿನ ನಡುವೆ ಸ್ಕೇಲಿನ ಸೊನ್ನೆ ಇಟ್ಟು ನೋಡಿ. ಅದರ ನಂತರದ ಇಪ್ಪತ್ತನಾಲ್ಕನೆಯ ಪಿನ್ನು 12 ಇಂಚಿನ ಗೆರೆಯಿಂದ 1/16 ಇಂಚು ಆಚೆ ಹೋಗಿದ್ದರೆ ಚೈನು ಬದಲಿಸುವ ಹೊತ್ತು. 1/8 ಇಂಚು ಹೋಗಿದ್ದರೆ ಕ್ಯಾಸೆಟ್ಟೂ ಅದರ ಜೊತೆಗೇ ಸವೆದಿರುತ್ತದೆ.

● ಅಂಗಡಿಗೆ ಹೊರಡುವ ಮೊದಲು ಡಿರೇಲರಿನ ಹಿಂಬದಿ, ಶಿಫ್ಟರಿನ ತಳ, ಕ್ರ್ಯಾಂಕಿನ ಒಳಮೈ ಮೂರನ್ನೂ ಬಟ್ಟೆಯಿಂದ ಒರೆಸಿ ಅಲ್ಲಿ ಕೆತ್ತಿರುವ ಮಾಡೆಲ್ ನಂಬರುಗಳ ಫೋಟೊ ತೆಗೆದುಕೊಳ್ಳಿ. ಗೇರ್ ತಪ್ಪುತ್ತಿದ್ದರೆ ಕೇಬಲ್ ಮತ್ತು ಅದರ ಹೊರಕವಚವನ್ನು ಮೊದಲು ಬದಲಿಸಿ ಒಂದು ವಾರ ಓಡಿಸಿ. ಮಳೆಗಾಲ ಕಳೆದ ಸೈಕಲ್ಲಿನಲ್ಲಿ ಗೇರ್ ತಪ್ಪುವುದಕ್ಕೆ ಹೆಚ್ಚು ಸಲ ಕಾರಣ ತುಕ್ಕು ಹಿಡಿದ ಆ ಕೇಬಲ್ಲೇ.