ಇನ್ಸುಲಿನ್ ತಗೊಂಡ್ರೆ ಕಿಡ್ನಿ ಹೋಗುತ್ತಂತೆ!

"ಮಾತ್ರೆ ಎಷ್ಟು ಬೇಕಾದ್ರೂ ಕೊಡಿ ಸಿಸ್ಟರ್, ಇನ್ಸುಲಿನ್ ಮಾತ್ರ ಬೇಡ. ನಮ್ಮ ಭಾವ ಶುರು ಮಾಡಿದ ಎರಡೇ ವರ್ಷಕ್ಕೆ ಡಯಾಲಿಸಿಸ್‌ಗೆ ಬಂದ್ರು."

ಮೆಡಿಸಿನ್ ವಾರ್ಡಿನಲ್ಲಿ ಹದಿನೆಂಟು ವರ್ಷದಿಂದ ಈ ಭಾವನ ಕಥೆ ಕೇಳುತ್ತಿದ್ದೇನೆ. ಒಮ್ಮೊಮ್ಮೆ ಭಾವನ ಬದಲು ಸೋದರಮಾವ ಬರುತ್ತಾರೆ, ಒಮ್ಮೊಮ್ಮೆ ಪಕ್ಕದ ಮನೆ ಮೇಷ್ಟ್ರು. ಡಯಾಲಿಸಿಸ್ ಮಾತ್ರ ತಪ್ಪುವುದಿಲ್ಲ.

ಭಾವನ ಕಥೆ ಸುಳ್ಳೇನಲ್ಲ, ಹಿಂದುಮುಂದಾಗಿದೆ ಅಷ್ಟೆ. ಹತ್ತು ಹದಿನೈದು ವರ್ಷ ಶುಗರ್ 250, 300 ಅಂತ ಏರಿಕೊಂಡೇ ಇದ್ದರೆ ಕಿಡ್ನಿಯೊಳಗೆ ರಕ್ತ ಸೋಸುವ ಸೂಕ್ಷ್ಮ ನಾಳಗಳು ಸದ್ದಿಲ್ಲದೆ ಹಾಳಾಗುತ್ತವೆ. ನೋವಿಲ್ಲ, ಉರಿಯಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಿಡ್ನಿಯ ಕೆಲಸ ಅಳೆಯುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿಯಿತೆಂದರೆ ಮೆಟ್‌ಫಾರ್ಮಿನ್ ಕೊಡುವಂತಿಲ್ಲ. ಬೇರೆ ಕೆಲವು ಮಾತ್ರೆಗಳನ್ನೂ ನಿಲ್ಲಿಸಬೇಕಾಗುತ್ತದೆ. ಆಗ ಡಾಕ್ಟರು ಇನ್ಸುಲಿನ್ ಬರೆಯುತ್ತಾರೆ. ಆ ಹೊತ್ತಿಗೆ ಕಿಡ್ನಿ ತನ್ನ ದಾರಿಯಲ್ಲಿ ಬಹುದೂರ ಹೋಗಿರುತ್ತದೆ. ನೆಂಟರ ಕಣ್ಣಿಗೆ ಬಿದ್ದದ್ದು ಮೊದಲು ಸೂಜಿ, ಆಮೇಲೆ ಮೆಷಿನ್ನು. ಬೀದಿಯಲ್ಲಿ ತಮಟೆ ಸದ್ದು ಕೇಳಿಸಿತು, ಅದಕ್ಕೇ ಮುದುಕ ಸತ್ತ ಅಂದ ಹಾಗಾಯಿತು.

ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿಯೂ ನೋಡಿದ್ದಾರೆ. ಅಮೆರಿಕ ಮತ್ತು ಕೆನಡಾದ 1,441 ಟೈಪ್-1 ಮಧುಮೇಹಿಗಳ ಮೇಲೆ ನಡೆದ ಡಿಸಿಸಿಟಿ ಅಧ್ಯಯನದ ಫಲಿತಾಂಶ 1993ರಲ್ಲಿ ಹೊರಬಂತು. ಇನ್ಸುಲಿನ್ ಹೆಚ್ಚು ಸಲ ತೆಗೆದುಕೊಂಡು ಶುಗರ್ ಬಿಗಿಯಾಗಿ ಹಿಡಿದವರಲ್ಲಿ ಮೂತ್ರದಲ್ಲಿ ಆಲ್ಬುಮಿನ್ ಸೋರುವ ತೊಂದರೆ ಶೇ 54ರಷ್ಟು ಕಡಿಮೆಯಿತ್ತು. ಅಂದರೆ ಕಿಡ್ನಿ ಉಳಿಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯೂ ಇದೆ. ಶುಗರ್ ತೀರಾ ಇಳಿದು, ಇನ್ನೊಬ್ಬರು ಬಂದು ಉಪಚರಿಸಬೇಕಾದ ಪ್ರಸಂಗ ಅವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತು.

ನನ್ನ ಸಿಟ್ಟಿಗೆ ಕಾರಣ ಈ ಎರಡನೇ ಅಂಕಿ. ಇನ್ಸುಲಿನ್ನಿಗೆ ಸೈಡ್ ಎಫೆಕ್ಟ್ ಇಲ್ಲ ಅಂತ ಯಾವ ನರ್ಸೂ ಹೇಳುವುದಿಲ್ಲ. ಇದೆ, ಅದರ ಹೆಸರು ಲೋ ಶುಗರ್. ಡಿಸ್ಚಾರ್ಜ್ ದಿನ ನನಗೆ ಸಿಗುವ ಹತ್ತು ನಿಮಿಷದಲ್ಲಿ ಹೇಳಬೇಕಾದ್ದು ಅದನ್ನೇ. ಏಳು ನಿಮಿಷ ಭಾವನ ಕಿಡ್ನಿಗೆ ಹೋಗುತ್ತದೆ. ಉಳಿದ ಮೂರರಲ್ಲಿ ಅವಸರವಾಗಿ ಬಡಬಡಿಸುತ್ತೇನೆ: ಮೈ ಬೆವರಿದರೆ, ಕೈ ನಡುಗಿದರೆ, ಎದೆ ಡವಡವ ಅಂದರೆ, ಸುಮ್ಮಸುಮ್ಮನೆ ರೇಗಿದರೆ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಇಲ್ಲದಿದ್ದರೆ ಕಾಯಬೇಡಿ, ಕುಡಿಸಿಬಿಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಕರೆದುಕೊಂಡು ಬನ್ನಿ.

ಮನೆಗೆ ಹೋದ ಮೇಲೆ ನಡೆಯುವುದೇ ಬೇರೆ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡು ಮುದ್ದೆ ಬೇಯುವ ತನಕ ಹೊಲದ ಕಡೆ ಹೋಗಿ ಬರುತ್ತೇನೆಂದು ಹೊರಡುತ್ತಾರೆ. ಏಕಾದಶಿಯ ದಿನ ಊಟ ಬಿಡುತ್ತಾರೆ, ಡೋಸ್ ಬಿಡುವುದಿಲ್ಲ. ಮಾತು ತೊದಲಿ ಬದುವಿನ ಮೇಲೆ ಕುಸಿದರೆ ಊರವರು ಕುಡಿದಿದ್ದಾನೆ ಅನ್ನುತ್ತಾರೆ, ಮನೆಯವರು ಗಾಳಿ ಸೋಕಿದೆ ಅಂತ ನೀವಾಳಿಸುತ್ತಾರೆ. ಸಕ್ಕರೆ ಡಬ್ಬಿ ಅಡುಗೆಮನೆಯಲ್ಲೇ ಇರುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ದೇಹದಲ್ಲಿ ಕೆಲಸ ಮುಗಿಸಿದ ಇನ್ಸುಲಿನ್ನಿನ ಒಂದು ಭಾಗವನ್ನು ಹೊರಗೆ ಹಾಕುವುದು ಕಿಡ್ನಿಯೇ. ಕಿಡ್ನಿ ಸೋತರೆ ಇನ್ಸುಲಿನ್ ಒಳಗೇ ಹೆಚ್ಚು ಹೊತ್ತು ಉಳಿಯುತ್ತದೆ, ಡೋಸ್ ಇಳಿಸಬೇಕಾಗುತ್ತದೆ. ಡೋಸ್ ಇಳಿದದ್ದು ಕಂಡು "ನೋಡಿದ್ರಾ, ಎಲೆ ಕೆಲಸ ಮಾಡ್ತು" ಅಂದವರನ್ನೂ ನೋಡಿದ್ದೇನೆ.

ಎಲೆ ಅಂದರೆ ಇನ್ಸುಲಿನ್ ಗಿಡದ ಎಲೆ, ಈಗ ಪ್ರತಿ ಹಿತ್ತಲಲ್ಲೂ ಇದೆ. ಇನ್ಸುಲಿನ್ ವಿಷ ಅನ್ನುವವರೇ ಅದೇ ಹೆಸರಿನ ಎಲೆಯನ್ನು ಖಾಲಿ ಹೊಟ್ಟೆಯಲ್ಲಿ ಭಕ್ತಿಯಿಂದ ಅಗಿಯುತ್ತಾರೆ. ಸ್ವಾಮಿ, ಅಸಲಿ ಇನ್ಸುಲಿನ್ನನ್ನೇ ನುಂಗಿದರೂ ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನಂತೆ ಜೀರ್ಣಿಸಿಬಿಡುತ್ತದೆ. ಚುಚ್ಚುವುದು ಅದಕ್ಕೇ, ನಮಗೇನೂ ಚುಚ್ಚುವ ಚಟವಿಲ್ಲ.

ಉಳಿದವಕ್ಕೆ ಒಂದೊಂದು ಮಾತು ಸಾಕು. ಸಿರಿಂಜಿನ ಸಣ್ಣ ಗುಳ್ಳೆ ಚರ್ಮದಡಿ ಹೋದರೆ ಯಾರೂ ಸಾಯುವುದಿಲ್ಲ, ಔಷಧಿ ಒಂದಿಷ್ಟು ಕಡಿಮೆ ಹೋಗುತ್ತದೆ. ಒಮ್ಮೆ ಶುರುವಾದರೆ ಸಾಯೋತನಕ ಅನ್ನುವುದೂ ಎಲ್ಲರಿಗೂ ನಿಜವಲ್ಲ, ಆಪರೇಷನ್ನಿಗೋ ಸೋಂಕಿಗೋ ಶುರುಮಾಡಿ ಮತ್ತೆ ಮಾತ್ರೆಗೆ ಮರಳಿದವರು ಬೇಕಾದಷ್ಟಿದ್ದಾರೆ. ಬೆಲ್ಲವೂ ಶುಗರ್ ಏರಿಸುತ್ತದೆ. ಸಿರಿಂಜೆಲ್ಲ ಒಂದೇ ಅಂದುಕೊಂಡು 100 ಯೂನಿಟ್‌ನ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ಒಳಗೆ ಹೋಗುತ್ತದೆ, ಇದಕ್ಕೆ ಮಾತ್ರ ನಿಜಕ್ಕೂ ಹೆದರಿ.

ನಂಬಿಕೆ ಬೇಡ ಅನ್ನುತ್ತಿಲ್ಲ. ಆದರೆ ವರ್ಷಗಟ್ಟಲೆ ಓದಿದ ಡಾಕ್ಟರಿಗೆ, ಚಾರ್ಟ್ ಹಿಡಿದು ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡುವ ನರ್ಸಿಗೆ ನೂರು ಪ್ರಶ್ನೆ. ವಾಟ್ಸಾಪಿನಲ್ಲಿ ಬಂದ, ಹೆಸರೂ ಇಲ್ಲದ ಗುರುಗಳಿಗೆ ಒಂದೂ ಇಲ್ಲ.

ಮೊನ್ನೆಯ ಭಾವನ ಕಥೆ ಹೇಳಿದ ಯಜಮಾನರು ಕೊನೆಗೂ ಒಪ್ಪಿಕೊಂಡರು. ಹೆಂಡತಿ ಸೂಜಿ ಹಿಡಿಯುವುದನ್ನು ಚೆನ್ನಾಗಿಯೇ ಕಲಿತರು. ಹೊರಡುವಾಗ ಅವರ ಜೇಬಿನಿಂದ ಮಾತ್ರೆಯ ಪಟ್ಟಿಯೊಂದು ಜಾರಿ ಬಿತ್ತು. ಡೈಕ್ಲೋಫೆನಾಕ್, ಅರ್ಧ ಖಾಲಿ. ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೆ ನಿಜವಾಗಿಯೂ ಏಟು ಕೊಡುವ ಮಾತ್ರೆ. ಎಷ್ಟು ದಿನದಿಂದ ಅಂತ ಕೇಳಿದೆ.

"ಅದಾ? ಮೂರು ವರ್ಷ ಆಯ್ತೇನೋ. ಮೆಡಿಕಲ್ ಸ್ಟೋರಿನ ಹುಡುಗ ಕೊಡ್ತಾನೆ. ಅದು ಬರೀ ಮಂಡಿನೋವಿಗೆ ಸಿಸ್ಟರ್."